ಒಡೆಯನಾಗಲು ಹೊರಟ ಸುತ್ತಿಗೆ

ಹಳೆಯ ಮನೆ ಕೊಂಡು, ರಿಪೇರಿ ಮಾಡಿಸಿ ಮಾರುವುದು ಮೃತ್ಯುಂಜಯಪ್ಪನ ವ್ಯಾಪಾರ. ಈ ಸಲ ಕೊಂಡ ಮನೆಯಲ್ಲಿ ಏನೇನು ಒಡೆಯಬೇಕೆಂದು ಅವನಿನ್ನೂ ಹೇಳಿರಲಿಲ್ಲ. ಅವನ ದೊಡ್ಡ ಸುತ್ತಿಗೆಗೆ ಮಾತ್ರ ತಡೆಯಲಾಗಲಿಲ್ಲ. ಅದು ನಡುಮನೆಯ ಗೋಡೆಯ ಮುಂದೆ ಹೋಗಿ ನಿಂತಿತು.

“ಅಜ್ಜೀ, ನೀನು ಬಿದ್ದರೆ ಮನೆ ವಿಶಾಲವಾಗುತ್ತದೆ. ಒಳ್ಳೆಯ ಬೆಲೆ ಬರುತ್ತದೆ.”

“ಬೀಳೋಣ ಮಗಾ. ಒಡೆಯನನ್ನು ಕೇಳಿದೆಯಾ?”

“ಕೇಳುವುದೇನು? ಒಡೆಯುವವನೇ ಒಡೆಯ!” ಎಂದು ಸುತ್ತಿಗೆ ಒಂದೇಟು ಬಿಗಿಯಿತು.

ಗಾರೆ ಉದುರಿತು. ಮೇಲಿನಿಂದ ತೊಲೆ ನರಳಿತು: “ಯಾರದು? ನಾನು ಇವಳ ತಲೆಯ ಮೇಲೆ ಕೂತಿದ್ದೇನೆ. ನನ್ನ ತಲೆಯ ಮೇಲೆ ಇಡೀ ಮಾಳಿಗೆ ಕೂತಿದೆ!”

ಸುತ್ತಿಗೆ ಥಟ್ಟನೆ ಹಿಂದೆ ಸರಿಯಿತು. ಗೋಡೆ ಗದರದೆ ಹೇಳಿತು:

“ನಾನು ಬಿದ್ದರೆ ತೊಲೆಗೆ ಕಬ್ಬಿಣದ ಆಸರೆ ಕೊಡಿಸಬೇಕು. ಟೈಲ್ಸಿಗೆ, ಬಣ್ಣಕ್ಕೆ ಎತ್ತಿಟ್ಟ ದುಡ್ಡೆಲ್ಲ ಅದಕ್ಕೇ ಹೋಗುತ್ತದೆ. ಆಮೇಲೆ ಈ ಬೋಳು ಮನೆಯನ್ನು ಯಾರು ಕೊಳ್ಳುತ್ತಾರೆ? ಒಡೆದದ್ದನ್ನು ಕಟ್ಟಿಸಬೇಕಾದವನು ಒಡೆಯ, ಕಂದಾ. ನೀನಲ್ಲ.”

ಅಷ್ಟರಲ್ಲಿ ಮೃತ್ಯುಂಜಯಪ್ಪ ಕೆಲಸದ ಆಳುಗಳೊಂದಿಗೆ ಬಂದ. ಉದುರಿದ ಗಾರೆ ನೋಡಿ ಗಾಬರಿಯಾಗಿ ಗೋಡೆಯ ಮೈ ಸವರಿದ. “ಇದನ್ನು ಯಾರೂ ಮುಟ್ಟಬೇಡಿ. ಬಿರುಕುಬಿಟ್ಟ ಆ ಅಡುಗೆಕಟ್ಟೆ ಒಡೆದರೆ ಸಾಕು,” ಎಂದು ಆಳುಗಳಿಗೆ ಹೇಳಿದ.

ಸುತ್ತಿಗೆ ಅಡುಗೆಮನೆಗೆ ಹೋಯಿತು. ಈ ಸಲ ಏಟು ಹಾಕುವ ಮುಂಚೆ ಕಟ್ಟೆಯನ್ನು ಮೆಲ್ಲಗೆ ತಟ್ಟಿ ಕೇಳಿತು:

“ಅಮ್ಮಾ, ನಿನ್ನನ್ನು ನಂಬಿಕೊಂಡು ಯಾರಾದರೂ ಇದ್ದಾರೆಯೇ?”

“ಸಂದಿಯಲ್ಲಿ ಒಂದು ಹಲ್ಲಿ ಮಲಗಿದೆ,” ಎಂದಿತು ಕಟ್ಟೆ. “ತಾಳು, ಎಬ್ಬಿಸಿ ಕಳಿಸುತ್ತೇನೆ.”

ಸುತ್ತಿಗೆ ತಾಳಿತು.