ಜೇನು ಕೀಳುವವನ ಕೊನೆಯ ಹಗ್ಗ

"ಗುರುಗಳೇ, ಸತ್ತವರನ್ನು ಮರೆಯದಿರಬೇಕಾದರೆ ಅವರದೆಂದು ಏನನ್ನು ಉಳಿಸಿಕೊಳ್ಳಬೇಕು?"

ಹೀಗೆ ಕೇಳಿದ ಶಿಷ್ಯ, ತಂದೆಯನ್ನು ಮಣ್ಣು ಮಾಡಿ, ಹನ್ನೊಂದು ದಿನದ ಕಾರ್ಯ ಮುಗಿಸಿ, ಹಿಂದಿನ ದಿನವಷ್ಟೇ ಮಠಕ್ಕೆ ಮರಳಿದ್ದ. ಅವನ ತಂದೆ ಕುರಿ ಮೇಯಿಸುತ್ತ ಬೆಟ್ಟ ಬಯಲು ಸುತ್ತಿದವನು. ಶಿಷ್ಯನ ತೊಡೆಯ ಮೇಲೆ ಒಂದು ಗಂಟಿತ್ತು. ಗಂಟಿನೊಳಗೆ ತಂದೆಯ ಕಂಬಳಿ ಇತ್ತು.

"ಚಳಿಯಲ್ಲಿ ಯಾರು ನಡುಗುತ್ತಿದ್ದರೂ ಅಪ್ಪ ಈ ಕಂಬಳಿ ತೆಗೆದು ಹೊದಿಸಿಬಿಡುತ್ತಿದ್ದರು. ಅವರದೆಂದು ಉಳಿದಿರುವುದು ಇದೊಂದೇ. ಯಾರೂ ಮುಟ್ಟದ ಹಾಗೆ ಸುತ್ತಿ ಇಟ್ಟುಕೊಂಡಿದ್ದೇನೆ" ಎಂದ.

ಮಾಗಿಯ ಬೆಳಗು. ಹೊರಗೆ ಜಗಲಿಯಲ್ಲಿ ದಾರಿಹೋಕ ಮುದುಕನೊಬ್ಬ ಕೆಮ್ಮುತ್ತಿದ್ದ. ಗುರು ಆ ಕಡೆ ಒಮ್ಮೆ ನೋಡಿದರು. "ಒಂದು ಕತೆ ಹೇಳುತ್ತೇನೆ. ನಡುನಡುವೆ ತಲೆ ಆಡಿಸಬೇಡ. ತಲೆ ಆಡಿಸುವವರಿಗೆ ಕತೆ ಬೇಗ ಅರ್ಥವಾಗಿಬಿಡುತ್ತದೆ" ಎಂದು ಶುರುಮಾಡಿದರು.

ಕಾಡಂಚಿನಲ್ಲಿ ಒಬ್ಬ ಜೇನು ಕೀಳುವವನಿದ್ದ. ಹೆಜ್ಜೇನು ಕಟ್ಟುವುದು ಕಡಿದಾದ ಬಂಡೆಯ ಮೈಯಲ್ಲಿ. ಬಂಡೆಯ ನೆತ್ತಿಯಿಂದ ಹಗ್ಗ ಇಳಿಬಿಟ್ಟು, ಅದಕ್ಕೆ ಜೋತು ಇಳಿದು, ಹೊಗೆ ಹಾಕಿ ಜೇನುಹುಟ್ಟು ಕೊಯ್ಯಬೇಕು. ಮೇಲೆ ಕೂತು ಹಗ್ಗ ಕಾಯುವವನು ಹೆಂಡತಿಯ ತಮ್ಮನೇ ಆಗಬೇಕೆಂಬುದು ಜೇನು ಕೀಳುವವರ ಕಟ್ಟಳೆ. ಒಡಹುಟ್ಟಿದವನಾದರೆ ಪಾಲಿನ ಆಸೆಗೆ ಕೈ ಸಡಿಲ ಬಿಟ್ಟಾನು. ಹೆಂಡತಿಯ ತಮ್ಮ ಬಿಡುವುದಿಲ್ಲ. ಭಾವನ ಮೇಲಿನ ಅಕ್ಕರೆಯಿಂದಲ್ಲ, ಅಕ್ಕನ ತಾಳಿಯ ಮೇಲಿನ ಅಕ್ಕರೆಯಿಂದ.

ಈತನಿಗೆ ಹೆಂಡತಿ, ಪ್ರಾಯಕ್ಕೆ ಬಂದ ಮಗ, ಒಬ್ಬಳು ಪುಟ್ಟ ಮಗಳು. ಕಾಡಿನ ಮೂಲೆ ಮೂಲೆ ಬಲ್ಲವನು, ಆದರೂ ಹೊತ್ತು ಮುಳುಗಿದ ಮೇಲೆ ಒಂದು ದಿನವೂ ಕಾಡಿನಲ್ಲಿ ಉಳಿದವನಲ್ಲ. ಸಂಜೆ ದಾರಿಯ ತಿರುವಿನಲ್ಲಿ ನಿಂತು ಒಂದು ಕೂಗು ಹಾಕುತ್ತಿದ್ದ. ಕೂಗು ಕೇಳಿದೊಡನೆ ಹೆಂಡತಿ ಅವನ ಸ್ನಾನಕ್ಕೆ ನೀರು ಕಾಯಲು ಇಡುತ್ತಿದ್ದಳು. ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ ಎನ್ನುತ್ತಾರೆ. ಇವನು ಇರುತ್ತಿದ್ದ. ಮೊದಲು ಕೊಯ್ದ ತುಂಡು ತೇಗದೆಲೆಯಲ್ಲಿ ಕಟ್ಟಿಕೊಂಡು ಮನೆಗೇ ಬರಬೇಕು. ಮಗಳು ಬಾಯಿಗಿಟ್ಟ ಮೇಲೆ ಉಳಿದವರಿಗೆ.

ಅವನದೊಂದು ಪದ್ಧತಿ ಇತ್ತು. ಪ್ರತಿವರ್ಷ ಕಾಡುಬಳ್ಳಿ ಸೀಳಿ, ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ತಲೆಯನ್ನು ಎಡಕ್ಕೆ ವಾಲಿಸಿ ಹೊಸ ಹಗ್ಗ ಹೊಸೆಯುವನು. ಜೇನಿನ ಕಾಲ ಮುಗಿದ ಮರುದಿನ ಅಂಗಳದಲ್ಲಿ ಕೂತು ಅದನ್ನು ಮಾರುಮಾರಿಗೆ ಕಡಿದುಹಾಕುವನು. ಆ ತುಂಡುಗಳು ಒಣಗಿ, ಮುಂದಿನ ವರ್ಷ ಹೊಗೆ ಹಾಕುವುದಕ್ಕೆ ಆಗುತ್ತಿದ್ದವು. ಗಟ್ಟಿಯಾಗಿರುವ ಹಗ್ಗ ಕಡಿಯುತ್ತೀಯಲ್ಲ ಎಂದರೆ, "ಹಳೇ ಹಗ್ಗವೂ ಹಗ್ಗದ ಹಾಗೇ ಕಾಣುತ್ತೆ, ಅದೇ ಕಷ್ಟ" ಎಂದು ನಗುವನು.

ಒಂದು ವರ್ಷ ಜೇನಿನ ಕಾಲ ಮುಗಿಯುವ ಹೊತ್ತಿಗೆ ಅವನಿಗೆ ಜ್ವರ ಬಂತು. ಅಷ್ಟು ಬಂಡೆ ಇಳಿದು ಹತ್ತಿದವನು ಮನೆಯ ಚಾಪೆಯ ಮೇಲೆ ಸತ್ತ. ಊರಿಗೆ ಊರೇ ಅತ್ತಿತು. ಆ ವರ್ಷದ ಹಗ್ಗ ಮಾತ್ರ ಕಡಿಯದೆ ಉಳಿಯಿತು.

ಮಗ ಆ ಹಗ್ಗವನ್ನು ಸುರುಳಿ ಸುತ್ತಿ ಗೋಡೆಗೆ ತೂಗುಹಾಕಿದ. ಅರಿಸಿನ ಕುಂಕುಮ ಹಚ್ಚಿದ. ದೀಪ ಇಟ್ಟ. ತಾಯಿಯೂ ದಿನಾ ಒಂದು ಹೂವು ಮುಡಿಸಿದಳು. ಯಾರೂ ಇಲ್ಲದಾಗ ಅದಕ್ಕೆ ಮುಖ ಒತ್ತಿ ನಿಲ್ಲುವಳು. ಅದರಲ್ಲಿ ಹೊಗೆಯ ವಾಸನೆ, ಗಂಡನ ಬೆವರಿನ ವಾಸನೆ ಇನ್ನೂ ಇತ್ತು. ಬಂದವರೆಲ್ಲ ಮಗನನ್ನು ಕೊಂಡಾಡಿದರು. ಹೊಗಳಿಕೆ ಅನ್ನುವುದು ಜೇನಿಗಿಂತ ಬೇಗ ತಲೆಗೇರುತ್ತದೆ.

ವರ್ಷ ತಿರುಗಿತು. ಬಂಡೆಯಲ್ಲಿ ಹುಟ್ಟು ತುಂಬಿತು. ಹೊಸ ಹಗ್ಗ ಹೊಸೆಯುವ ಕಾಲಕ್ಕೆ ಮಗ ಬಳ್ಳಿ ತರಲು ಹೋಗಲಿಲ್ಲ. "ಅಪ್ಪನ ಹಗ್ಗದಲ್ಲೇ ಇಳಿಯುತ್ತೇನೆ" ಎಂದ. ಅವನಿಗಿನ್ನೂ ಮದುವೆಯಾಗಿರಲಿಲ್ಲ; ಅಪ್ಪನ ಹಗ್ಗ ಕಾಯುತ್ತಿದ್ದ ಸೋದರಮಾವನೇ ಕಣ್ಣು ಒರೆಸಿಕೊಂಡು ಹಗ್ಗ ಕಾಯಲು ಒಪ್ಪಿದ. ಹಳೆಯ ಹಗ್ಗದಲ್ಲಿ ಇಳಿಯಬಾರದೆಂದು ಆ ಊರಿನ ಮಕ್ಕಳಿಗೂ ಗೊತ್ತು. ಆದರೆ ಅರಿಸಿನ ಕುಂಕುಮ ಹಚ್ಚಿದ ಹಗ್ಗವನ್ನು ಹಳತು ಎನ್ನುವುದು ಹೇಗೆ? ಸತ್ತವನನ್ನು ಹಳಿದ ಹಾಗಾಗುತ್ತದೆಂದು ಎಲ್ಲರೂ ಸುಮ್ಮನಿದ್ದರು.

ಹೊರಡುವ ದಿನ ಬೆಳಗ್ಗೆ ಮಗ ಹಳ್ಳಕ್ಕೆ ಸ್ನಾನಕ್ಕೆ ಹೋದ. ತಿರುಗಿ ಬರುವಾಗ ತಾಯಿ ಅಂಗಳದಲ್ಲಿ, ಗಂಡ ಕೂರುತ್ತಿದ್ದ ಜಾಗದಲ್ಲೇ ಕೂತಿದ್ದಳು. ಕೈಯಲ್ಲಿ ಅವನ ಮಚ್ಚು. ಹಗ್ಗ ಅರ್ಧಕ್ಕಿಂತ ಹೆಚ್ಚು ತುಂಡಾಗಿತ್ತು.

"ಅವ್ವಾ! ಅಪ್ಪನ್ದು ಅಂತ ಇದ್ದುದ್ದು ಅದೊಂದೇ ಕಣವ್ವಾ, ಅದ್ನೂ ಕಡ್ದಾಕ್ಬುಟ್ಟಲ್ಲ!" ಎಂದು ಮಗ ಚೀರಿದ.

"ನಿಮ್ಮಪ್ಪ ಬದುಕಿದ್ರೆ ಹೋದ ವರ್ಸ್ವೇ ಕಡ್ದಿರೋನು. ಅವನು ಬುಟ್ಟೋದ ಕೆಲ್ಸ ಕಣ್ಲಾ ಇದು. ಒಂದು ವರ್ಸದಿಂದ ನನ್ ಕೈಲಿ ಆಗ್ನಿಲ್ಲ, ಇವತ್ತು ಮಾಡ್ದೆ" ಎಂದಳು ತಾಯಿ. ಮಚ್ಚು ಕೆಳಗಿಡಲಿಲ್ಲ.

ಮಗ ಸಿಟ್ಟಿನಿಂದ ಒಂದು ತುಂಡನ್ನು ಎತ್ತಿ ಎರಡು ಕೈಯಲ್ಲಿ ಜಗ್ಗಿದ. ಅದು ಹರಿಯಲಿಲ್ಲ. ನೋಡು ಎನ್ನುವಂತೆ ತಾಯಿಯ ಮುಂದೆ ಎಸೆದ. ಎರಡನೆಯದೂ ಹರಿಯಲಿಲ್ಲ, ಮೂರನೆಯದೂ ಇಲ್ಲ. ತಾಯಿಯ ಮುಖ ಸಣ್ಣದಾಯಿತು. ಐದನೆಯದು ಜಗ್ಗಿದ ಕೂಡಲೇ ಎರಡಾಯಿತು. ಒಳಗೆ ನಾರು ಇರಲಿಲ್ಲ, ಪುಡಿ ಇತ್ತು. ಅವಳೂ ಅದನ್ನು ತಿಳಿದು ಕಡಿದವಳಲ್ಲ. ಆಗ ಇಬ್ಬರೂ ಅತ್ತರು. ಗಂಡ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಮರುದಿನ ಮಗ ಬಳ್ಳಿ ತರಲು ಹೋದ. ಹದಿನೈದು ದಿನ ಕೂತು ಹೊಸೆದ. ಮೊದಮೊದಲು ಕೈಗೆ ಬರಲಿಲ್ಲ. ಮೂರು ಸಲ ಬಿಚ್ಚಿದ. ಆಮೇಲೆ ಒಂದು ಮಧ್ಯಾಹ್ನ ತಾಯಿ ಬಾಗಿಲಿಗೆ ಬಂದು ನೋಡಿದಳು. ಹಗ್ಗದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ತಲೆಯನ್ನು ಎಡಕ್ಕೆ ವಾಲಿಸಿ, ಒಂದೊಂದು ಮಾರಿಗೂ ಉಸಿರು ಬಿಗಿಹಿಡಿದು ಎಳೆಯುತ್ತಿದ್ದ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಒಳಗೆ ಹೋದಳು.

ಹೊಸ ಹಗ್ಗದಲ್ಲಿ ಮಗ ಬಂಡೆ ಇಳಿದ. ಕಡಿದ ಹಗ್ಗದ ತುಂಡುಗಳೇ ಅವನಿಗೆ ಹೊಗೆಯಾದವು. ಮೊದಲು ಕೊಯ್ದ ಹುಟ್ಟಿನ ತುಂಡನ್ನು ತೇಗದೆಲೆಯಲ್ಲಿ ಕಟ್ಟಿದ. ಸಂಜೆ ದಾರಿಯ ತಿರುವಿಗೆ ಬಂದಾಗ, ಕೂಗಬೇಕೆಂದು ಅವನು ಅಂದುಕೊಂಡಿರಲಿಲ್ಲ. ಬಾಯಿ ತಾನಾಗಿ ಕೂಗಿತು. ಮನೆಯಲ್ಲಿ ತಾಯಿ ಒಂದು ಗಳಿಗೆ ನಿಂತಲ್ಲೇ ನಿಂತಳು. ಆಮೇಲೆ ಎದ್ದೋಡಿ ಬಂದ ಮಗಳನ್ನು ತಬ್ಬಿಕೊಂಡು, ಸ್ನಾನಕ್ಕೆ ನೀರು ಕಾಯಲು ಇಟ್ಟಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕಣ್ಣು ಒರೆಸಿಕೊಂಡ. ಗಂಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, "ಹಾಗಾದರೆ ಆ ಮನೆಯ ಗೋಡೆ ಬರಿದಾಗಿಯೇ ಉಳಿಯಿತೇ, ಗುರುಗಳೇ?" ಎಂದು ಕೇಳಿದ.

ಹೊರಗೆ ಮತ್ತೆ ಕೆಮ್ಮು ಕೇಳಿಸಿತು. ಗುರು ಹೇಳಿದರು:

"ಜಗಲಿಯಲ್ಲಿ ಆ ಮುದುಕ ಬೆಳಗಿನಿಂದ ನಡುಗುತ್ತಿದ್ದಾನೆ, ನಿಮ್ಮಪ್ಪ ಇದ್ದಿದ್ದರೆ ಆ ಕಂಬಳಿ ಈ ಹೊತ್ತಿಗೆ ಎಲ್ಲಿರುತ್ತಿತ್ತು?"