ಸಿಂಗ್ರಿ ದೊಡ್ಡಪತ್ರೆ ಬೆಳೆಸಿದ್ದು

೧೯೬೪, ಆಗಸ್ಟ್ ೧೧, ಮಂಗಳವಾರ. ಹಳೆಯ ದಿನಚರಿಯಲ್ಲಿ ಹೀಗಿದೆ: "ಹಿತ್ತಲಲ್ಲಿ ದೊಡ್ಡಪತ್ರೆ ನೆಟ್ಟಾಯಿತು. ಕೆಮ್ಮಿಗೆ ಅದರ ರಸ ಕುಡಿಯಲೊಲ್ಲದ ಮಕ್ಕಳಿಗೆ ಸಿಂಗ್ರಿಯ ಕತೆ ಹೇಳಿ ಕುಡಿಸಿದೆ." ಆ ಕತೆ ಇದು.

ಒಂದೂರಲ್ಲಿ ದೇವೀರಮ್ಮ ಅಂತ ಒಬ್ಬ ತಾಯಿ. ಅವಳಿಗೆ ಸಿಂಗ್ರಿ ಅಂತ ಒಬ್ಬನೇ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಗೋಳು! ಮಗನಿಗೆ ಮೀಸೆ ಬಂತು, ಬುದ್ಧಿ ಬರಲಿಲ್ಲ. ತಮ್ಮ ಲಕ್ಕೇಗೌಡನ ಮಗಳು ಚೆನ್ನಾಜಿಯನ್ನು ತಂದುಕೊಳ್ಳಬೇಕೆಂದು ಅವಳಿಗೆ ಹಗಲಿರುಳೂ ಆಸೆ. ಲಕ್ಕೇಗೌಡ ತಲೆ ಕೊಡವಿದ.

"ಮುರಿದು ಎಸೆದರೂ ಹತ್ತೋ ಗಿಡ ದೊಡ್ಡಪತ್ರೆ. ಅದನ್ನಾದರೂ ನಿನ್ನ ಮಗ ಬೆಳೆಸಿ ತೋರಿಸಲಿ ಕಣಕ್ಕ. ಬೆಳೆಸಿದರೆ ಹೆಣ್ಣು. ಇಲ್ಲಾಂದ್ರೆ ಆ ಮಾತೇ ಬೇಡ!"

ದೇವೀರಮ್ಮ ಮಗನ ಕೈಗೆ ಒಂದು ಕಡ್ಡಿ ಕೊಟ್ಟಳು. "ನೆಡೋ ಮಗನೆ. ಬೇರು ಬಿಡ್ತಾ ಅಂತ ನೋಡ್ಕೊಂಡಿರು."

ಸಿಂಗ್ರಿ ನೆಟ್ಟ, ಕಿತ್ತು ನೋಡಿದ. ಮತ್ತೆ ನೆಟ್ಟ, ಮತ್ತೆ ಕಿತ್ತು ನೋಡಿದ. ಸಂಜೆಗೆ ಕಡ್ಡಿ ಬಾಡಿ ಜೋತುಬಿತ್ತು.

"ಅಯ್ಯೋ ಮಂಕೇ! ಅಲುಗಿಸಬಾರದು ಕಣೋ! ಇದ್ದಲ್ಲೇ ಬಿಡಬೇಕು!"

"ಆಗಲಿ ಕಣವ್ವ!"

ಮಾರನೆಯ ದಿನ ಇನ್ನೊಂದು ಕಡ್ಡಿ ನೆಟ್ಟ, ಅಲುಗಿಸಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆ ಸಾಕವ್ವನ ಹಸು ಹಿತ್ತಲಿಗೆ ನುಗ್ಗಿ ಅವರೆ ಚಪ್ಪರವನ್ನೆಲ್ಲ ಮೇಯಿತು. ಸಿಂಗ್ರಿ ಕೈಕಟ್ಟಿ ನಿಂತಿದ್ದ.

"ಓಡಿಸಬಾರದೇನೋ?"

"ಅಲುಗಿಸಬಾರದು ಅಂದೆಯಲ್ಲವ್ವ! ಇದ್ದಲ್ಲೇ ಬಿಟ್ಟೆ!"

"ನಿನ್ನ ಬುದ್ಧಿಗಿಷ್ಟು! ಬಾಯಿ ಹಾಕೋಕೆ ಬಂದರೆ ಕೋಲು ತಗೊಂಡು ಅಟ್ಟಬೇಕು!"

"ಆಗಲಿ ಕಣವ್ವ!"

ಗಿಡ ಹೇಗಿದೆ ನೋಡೋಣವೆಂದು ಲಕ್ಕೇಗೌಡ ಬಂದ. ದೇವೀರಮ್ಮ ಮುದ್ದೆ ಬಡಿಸಿದಳು. ಲಕ್ಕೇಗೌಡ ತುತ್ತು ಮುರಿದು ಬಾಯಿಗಿಡುವಷ್ಟರಲ್ಲಿ, "ಹೈ! ಹೈ!" ಎನ್ನುತ್ತ ಸಿಂಗ್ರಿ ಕೋಲು ಬೀಸಿದ. ಮಾವ ಎಂಜಲು ಕೈಯಲ್ಲೇ ಬೀದಿಗೆ ಹಾರಿದ.

"ಇನ್ನೊಂದೇ ಸಲ ಬರ್ತೀನಕ್ಕ! ಆಗಲೂ ಗಿಡ ತುಂಬದಿದ್ದರೆ ನನ್ನ ಮಗಳನ್ನ ಮರೆತುಬಿಡು!"

ದೇವೀರಮ್ಮ ಹಣೆ ಚಚ್ಚಿಕೊಂಡಳು. "ಮನೆಗೆ ಬಂದವರನ್ನ ಅಟ್ಟೋದೇನೋ? ಕೇಳಿದ್ದು ಕೊಟ್ಟು ಕಳಿಸಬೇಕು!"

"ಆಗಲಿ ಕಣವ್ವ!"

ಗಿಡ ಹತ್ತಿತು. ಎಲೆ ದಪ್ಪನಾಯಿತು, ಘಮಘಮ ಅಂದಿತು. ಸಾಕವ್ವ ಬಂದಳು: "ಸಿಂಗ್ರಿ, ಒಂದು ಕುಡಿ ಕೊಡೋ." ಕೊಟ್ಟ. ಅವಳ ಸೊಸೆ ಬಂದಳು, ಕೊಟ್ಟ. ಬೀದಿಯವರೆಲ್ಲ ಬಂದರು, ಎಲ್ಲರಿಗೂ ಕೊಟ್ಟ. ನೀರು ತರಲು ಹೋದ ದೇವೀರಮ್ಮ ಬಂದು ನೋಡಿದರೆ ಬರೀ ಮೋಟುಗಳು!

"ಮನೆ ಹಾಳು ಮಾಡಿದೆಯಲ್ಲೋ! ಈ ಗಿಡ ಕೇಳಿ ತಗೊಂಡುಹೋದರೆ ಹತ್ತಲ್ಲ, ಕದ್ದು ತಗೊಂಡುಹೋದರೇನೇ ಹತ್ತೋದು! ಅಷ್ಟೂ ಗೊತ್ತಿಲ್ವಾ?"

"ಹಂಗಾ ಅವ್ವ?"

ಅವಳು ಅತ್ತಳು. ಆದರೆ ದೊಡ್ಡಪತ್ರೆ ಅಳಲಿಲ್ಲ! ಕುಡಿ ಚಿವುಟಿದಲ್ಲೆಲ್ಲ ಕವಲೊಡೆಯಿತು. ಹಿತ್ತಲು ತುಂಬಿ, ನೇರಳೆ ಬಣ್ಣದ ಹೂತೆನೆ ಎತ್ತಿ ನಿಂತಿತು. ಲಕ್ಕೇಗೌಡ ಬಂದು ನೋಡಿದ. ಎಲೆ ಹಿಸುಕಿ ಮೂಸಿದ.

"ನಿನ್ನ ಮಗ ಗೆದ್ದ ಕಣಕ್ಕ! ಬಾಯಿಬಿಟ್ಟು ಕೇಳು, ಹೆಣ್ಣು ಕೊಟ್ಟೆ!"

ದೇವೀರಮ್ಮ ಸೆರಗೊಡ್ಡಿ ಕೇಳಿಯೇಬಿಟ್ಟಳು. ಸಿಂಗ್ರಿಯ ಮುಖ ಬಿಳಿಚಿಕೊಂಡಿತು. ಕೇಳಿ ತಂದರೆ ಹತ್ತಲ್ಲವಲ್ಲ! ಒಂದೇ ಉಸಿರಿಗೆ ಮಾವನ ಊರಿಗೆ ಓಡಿದ. ಚೆನ್ನಾಜಿ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು.

"ಚೆನ್ನಾಜಿ, ನಿನ್ನ ಕದಿಯೋಕೆ ಬಂದಿದ್ದೀನಿ!"

"ಯಾಕ್ ಬಾವ? ಅಪ್ಪ ಕೊಡ್ತೀನಿ ಅಂತಲೇ ಹೋಗಿದ್ದಾನಲ್ಲ?"

"ಕೇಳಿ ತಂದದ್ದು ಹತ್ತಲ್ವಂತೆ!"

ಚೆನ್ನಾಜಿ ಬಿದ್ದು ಬಿದ್ದು ನಕ್ಕಳು. ಸೀರೆ ಗಂಟು ಕಟ್ಟಿಕೊಂಡು ತಾನೇ ಮುಂದೆ ಹೊರಟಳು. "ಬಾ ಬಾವ, ಕಳ್ಳ ಹಿಂದೆ ಬೀಳಬಾರದು!"

ಹಾಡುಹಗಲು. ಇಡೀ ಊರು ಹೋ ಎನ್ನುತ್ತ ಬೆನ್ನು ಹತ್ತಿತು. ನಡುದಾರಿಯಲ್ಲಿ ಲಕ್ಕೇಗೌಡ ಎದುರಾದ.

"ಏನೋ ಇದು?"

"ನಿಮ್ಮ ಮಗಳನ್ನ ಕದ್ಕೊಂಡು ಹೋಗ್ತಿದ್ದೀನಿ ಮಾವ! ನೀವು ನೋಡಬೇಡಿ, ಆ ಕಡೆ ತಿರುಗಿ!"

ಲಕ್ಕೇಗೌಡ ಮಗಳ ಮುಖ ನೋಡಿದ. ಮಗಳು ನಗುತ್ತಿದ್ದಳು. ಅವನು ಆ ಕಡೆ ತಿರುಗಿ ನಿಂತ!

ಬಂದ ಜನ ಬಂದ ಹಾಗೇ ಮದುವೆ ಮುಗಿಸಿಯೇ ಎದ್ದರು. ಆದ ಖರ್ಚು ಇಷ್ಟು: ಒಂದು ತಾಳಿ, ಒಂದು ಸೀರೆ, ಎಲೆಯಡಿಕೆ, ಎರಡು ಗಡಿಗೆ ಮಜ್ಜಿಗೆ, ಮತ್ತೆ ಬೀಗರಿಗೆ ಬಜ್ಜಿ ಕರಿಯಲು ಹಿತ್ತಲಿನ ಅಷ್ಟೂ ದೊಡ್ಡಪತ್ರೆ.