ಗವಿಯಪ್ಪನ ಲಾರಿ ಸೇತುವೆ ದಾಟಿದ್ದು

ಹಳ್ಳದ ಪಕ್ಕದೊಂದು ಊರಲ್ಲಿ ಪುಟ್ಟೀರಮ್ಮ ಅಂತ ಒಬ್ಬಳಿದ್ದಳು ಕೇಳಿ. ಅವಳಿಗೊಬ್ಬನೇ ಮಗ, ಗವಿಯಪ್ಪ. ಲಾರಿ ಓಡಿಸೋದು ಬರ್ತಿತ್ತು, ಬುದ್ಧಿ ಓಡಿಸೋದು ಬರ್ತಿರಲಿಲ್ಲ. ಹಳ್ಳದಾಚೆ ಕ್ವಾರಿಯಿಂದ ಜಲ್ಲಿ ತರೋದು ಅವನ ಕೆಲಸ. ನಡುವೆ ಒಂದು ಮುದಿ ಸೇತುವೆ. ಮಗ ದಾಟಿ ಬರೋವರೆಗೂ ಅವ್ವ ಈಚೆ ದಡದಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಕೂರ್ತಿದ್ದಳು.

ಒಂದಿನ ಜಲ್ಲಿಯನ್ನ ಗೋಪುರದ ಹಾಗೆ ಪೇರಿಸ್ಕೊಂಡು ಬಂದ. ಸೇತುವೆ ನರಳಿತು. ಕಲ್ಲೊಂದು ಕಳಚಿ ಹಳ್ಳಕ್ಕೆ ಬಿತ್ತು, ದುಡುಂ!

"ಅಯ್ಯೋ ಮುಂಡೇದೇ! ಹತ್ತೇ ಟನ್ನು ಅಂತ ಬೋರ್ಡು ಹಾಕಿಲ್ವೇನೋ? ನೀನು ಹಳ್ಳಕ್ಕೆ ಬಿದ್ರೆ ನನಗ್ಯಾರೋ ಗತಿ? ಲಾರಿ ಮೇಲೆ ಏನೇ ಜಾಸ್ತಿ ಬಿದ್ರೂ ನಿಲ್ಸಿಬಿಡು!"

"ಆಗ್ಲವ್ವ."

ಮಾರನೇ ದಿನ ಸರಿಯಾಗೇ ತುಂಬ್ಕೊಂಡು ಬಂದ. ಸೇತುವೆ ಹತ್ರ ಬಿಳೀ ಮೋಡವೊಂದು ತೇಲಿ ಬಂತು. ಅದರ ನೆರಳು ಲಾರಿ ಮೇಲೆ ಬಿತ್ತು. ಗಕ್ಕನೆ ನಿಲ್ಲಿಸಿದ. ಹಿಂದೆ ಬಸ್ಸು ನಿಂತಿತು, ಟ್ರ್ಯಾಕ್ಟರು ನಿಂತಿತು, ಮದುವೆ ದಿಬ್ಬಣ ನಿಂತಿತು.

"ಯಾಕಯ್ಯಾ ನಿಲ್ಸಿದೆ?"

"ಮೋಡ ಬಿದ್ದೈತೆ ಸ್ವಾಮಿ. ಇಳ್ಕೊಂಡು ಹೋಗ್ಲಿ."

ಆ ಮೋಡ ಹೋಯ್ತು, ಅದರ ತಂಗಿ ಬಂತು. ತಂಗಿ ಹೋಯ್ತು, ತಂಗಿಯ ಕೂಸು ಬಂತು. ಗವಿಯಪ್ಪ ಗಲ್ಲಕ್ಕೆ ಕೈ ಕೊಟ್ಟು ಆಕಾಶ ನೋಡ್ತಾ ನೋಡ್ತಾ ಕೂತೇ ಇದ್ದ. ದಿಬ್ಬಣದ ಮುಹೂರ್ತ ಮೀರಿತು.

ಕೊನೆಗೆ ಈಚೆ ದಡಕ್ಕೆ ಬಂದಾಗ ಅವ್ವ ಬೈದಳು: "ನೆರಳಿಗೆ ತೂಕ ಇರ್ತದೇನೋ! ಸುಮ್ನೆ ನಿಂತ್ರೆ ಆಯ್ತಾ? ಜಾಸ್ತಿ ಆಗಿದ್ದನ್ನ ಇಳಿಸು, ಲಾರಿ ದಾಟಿಸು, ಆಮೇಲೆ ಇಳಿಸಿದ್ದನ್ನ ಹೇರ್ಕೊಂಡು ಬಾ!"

"ಆಗ್ಲವ್ವ."

ಮೂರನೇ ದಿನ ಲಾರೀನ ತೂಕದ ಕಾಟಾ ಮೇಲೆ ನಿಲ್ಲಿಸಿ, ಎಲ್ಲ ಡ್ರೈವರುಗಳ ಹಾಗೆ ಕೆಳಗಿಳಿದು ಟೀ ಕುಡೀತಿದ್ದ. ಕಾಟಾದವನು ಕೂಗಿದ: "ಸರಿಯಾಗಿ ಹತ್ತು ಟನ್ನು! ಇನ್ನೊಂದು ಗುಬ್ಬಿ ಕೂತ್ರೂ ಜಾಸ್ತಿ!"

ಸೇತುವೆ ಕಾಣ್ತಿದ್ದ ಹಾಗೇ ಗವಿಯಪ್ಪ ಬ್ರೇಕು ಒತ್ತಿ ಲಾರಿ ನಿಲ್ಲಿಸಿದ. ತೂಗುವಾಗ ನಾನು ಒಳಗಿರಲಿಲ್ಲ! ಈಗ ಇದೀನಿ! ಅಂದ್ರೆ ಜಾಸ್ತಿ ಆಗಿರೋದು ನಾನೇ!

ಗೇರು ನ್ಯೂಟ್ರಲ್ ಮಾಡಿದ, ಬ್ರೇಕು ಬಿಟ್ಟ, ಇಳಿದೇಬಿಟ್ಟ. "ನಡೀತಾ ಇರು ತಾಯಿ" ಅಂತ ಲಾರಿ ಬೆನ್ನು ತಟ್ಟಿದ.

ಇಳಿಜಾರು ನೋಡಿ, ಲಾರಿ ನಿದ್ದೆಗಣ್ಣಿನ ಎಮ್ಮೆ ಹಾಗೆ ಮೆಲ್ಲಗೆ ತೂಗಾಡ್ತಾ ಸೇತುವೆ ದಾಟಿತು. ಈಚೆ ದಡದ ಹುಲ್ಲಿನ ಬಣವೆಗೆ ಮೂತಿ ಇಟ್ಟು ನಿಂತಿತು. ಪುಟ್ಟೀರಮ್ಮ ಓಡಿ ಬಂದು ಬಾಗಿಲು ತೆಗೆದಳು. ಒಳಗೆ ಯಾರೂ ಇಲ್ಲ!

"ಹಳ್ಳಕ್ಕೆ ಬಿದ್ನಲ್ಲಪ್ಪೋ ನನ್ನ ಮಗ!"

"ಅಳಬೇಡವ್ವಾ, ಇಲ್ಲಿದೀನಿ!" ಆಚೆ ದಡದಿಂದ ಗವಿಯಪ್ಪ ಕೈ ಬೀಸಿದ.

"ಬಾರೋ ನನ್ನಪ್ಪಾ, ಓಡಿ ಬಾರೋ!"

"ಹೆಂಗವ್ವಾ ಬರ್ಲಿ? ಇಳಿಸಿದ್ದನ್ನ ಹೇರ್ಕೊಂಡು ಬರ್ಬೇಕು ಅಂತ ನೀನೇ ಹೇಳಿದ್ಯಲ್ಲ! ಲಾರಿ ಈ ಕಡೆ ಕಳ್ಸು!"